ಸಾಸಿವೆ ತರುವಷ್ಟರಲ್ಲಿ ರೆಂಬ್ರಾಂಟ್ ಚಿತ್ರ ಮುಗಿಸಿದ್ದು ನಿಜವೇ? ಡಚ್ಚರ ತಾಮ್ರದ ತಗಡಿನ ಚಿತ್ರಗಳ ಸುತ್ತ ಹಬ್ಬಿದ ಕಥೆಗಳು

ಕಲೆಯ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಒಂದು ಬಗೆಯ ಕಥೆಗೆ ಬೇಡಿಕೆ ಹೆಚ್ಚು. 'ಮಹಾನ್ ಕಲಾವಿದ ಐದೇ ನಿಮಿಷದಲ್ಲಿ ಬರೆದ ಚಿತ್ರ', 'ಜಗತ್ತು ಗುರುತಿಸದೆ ಬಡತನದಲ್ಲಿ ಸತ್ತ ಪ್ರತಿಭೆ', 'ಅಟ್ಟದಲ್ಲಿ ಸಿಕ್ಕಿದ ಹಳೆಯ ಕಾಗದ, ಕೋಟಿ ಬೆಲೆ'. ಓದಲು ಚೆನ್ನಾಗಿರುತ್ತವೆ, ಬೆರಳು ತಾನಾಗಿಯೇ ಫಾರ್ವರ್ಡ್ ಗುಂಡಿಯತ್ತ ಹೋಗುತ್ತದೆ.

ಇಂಥ ಕಥೆಗಳಲ್ಲಿ ತುಂಬ ಹಳೆಯದೊಂದನ್ನು ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿದ್ದೇವೆ. 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್ ತನ್ನ ಗೆಳೆಯ ಯಾನ್ ಸಿಕ್ಸ್‌ನ ಹಳ್ಳಿಮನೆಗೆ ಊಟಕ್ಕೆ ಹೋಗಿದ್ದನಂತೆ. ಎಲ್ಲರೂ ಊಟಕ್ಕೆ ಕೂತಾಗ ಮೇಜಿನ ಮೇಲೆ ಸಾಸಿವೆ ಇಲ್ಲ ಎಂದು ಗೊತ್ತಾಯಿತು. (ನಮ್ಮ ಒಗ್ಗರಣೆಯ ಸಾಸಿವೆ ಅಲ್ಲ. ಮಾಂಸದ ಜೊತೆ ನಂಚಿಕೊಳ್ಳುವ, ಅರೆದ ಸಾಸಿವೆ.) ಆಳನ್ನು ಪಕ್ಕದ ಹಳ್ಳಿಗೆ ಓಡಿಸಿದರು. 'ಅವನು ವಾಪಸ್ ಬರುವಷ್ಟರಲ್ಲಿ ನಾನು ಒಂದು ಚಿತ್ರ ಮುಗಿಸುತ್ತೇನೆ, ಬಾಜಿ ಕಟ್ಟು' ಎಂದ ರೆಂಬ್ರಾಂಟ್, ಕಿಟಕಿಯಾಚೆ ಕಾಣುತ್ತಿದ್ದ ಸೇತುವೆಯನ್ನು ತಾಮ್ರದ ತಗಡಿನ ಮೇಲೆ ಬಿಡಿಸಿ ಬಾಜಿ ಗೆದ್ದನಂತೆ. ಆ ಚಿತ್ರಕ್ಕೆ ಇಂದಿಗೂ 'ಸಿಕ್ಸ್‌ನ ಸೇತುವೆ' ಎಂದೇ ಹೆಸರು. ತಗಡಿನ ಮೇಲೆ 1645 ಎಂಬ ಇಸವಿ ಇದೆ.

ಇದರಲ್ಲಿ ಎಷ್ಟು ನಿಜ? ಉತ್ತರಕ್ಕೆ ಮೊದಲು ಈ ಚಿತ್ರ ತಯಾರಾಗುವ ಬಗೆಯನ್ನು ತಿಳಿಯಬೇಕು.

ಎಚಿಂಗ್ ಎಂದರೇನು?

'ಸಿಕ್ಸ್‌ನ ಸೇತುವೆ' ಕುಂಚದಿಂದ ಬರೆದ ಚಿತ್ರ ಅಲ್ಲ. ಅದು ಎಚಿಂಗ್, ಅಂದರೆ ಲೋಹವನ್ನು ಆಮ್ಲದಿಂದ ಕೊರೆದು ಕಾಗದಕ್ಕೆ ಒತ್ತುವ ಅಚ್ಚುಚಿತ್ರ. ಕೆಲಸ ಹೀಗೆ ಸಾಗುತ್ತದೆ.

1. ನುಣುಪಾದ ತಾಮ್ರದ ತಗಡಿಗೆ ಮೇಣ ಮತ್ತು ಅಂಟುರಾಳದಂಥ ವಸ್ತುಗಳ ತೆಳು ಲೇಪ ಹಚ್ಚುತ್ತಾರೆ. ಈ ಲೇಪವನ್ನು ಆಮ್ಲ ತಿನ್ನುವುದಿಲ್ಲ.

2. ಸೂಜಿಯಿಂದ ಲೇಪದ ಮೇಲೆ ಚಿತ್ರ ಬಿಡಿಸುತ್ತಾರೆ. ಸೂಜಿ ಹೋದಲ್ಲೆಲ್ಲ ಲೇಪ ಕಿತ್ತು ತಾಮ್ರ ಹೊರಗೆ ಕಾಣುತ್ತದೆ.

3. ತಗಡಿಗೆ ಆಮ್ಲ ತಗಲಿಸುತ್ತಾರೆ. ಬಯಲಾದ ಗೆರೆಗಳನ್ನು ಮಾತ್ರ ಆಮ್ಲ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗುತ್ತದೆ, ಅಚ್ಚಿನಲ್ಲಿ ಅಷ್ಟೇ ಕಪ್ಪಾಗಿ ಬರುತ್ತದೆ. ದೂರದ ಬೆಟ್ಟ, ಆಕಾಶ ತೆಳುವಾಗಿ ಬರಬೇಕೆಂದರೆ ಆ ಭಾಗವನ್ನು ಮೊದಲೇ ವಾರ್ನಿಶ್‌ನಿಂದ ಮುಚ್ಚಿ, ಉಳಿದದ್ದನ್ನು ಮತ್ತೆ ಆಮ್ಲಕ್ಕೆ ಒಡ್ಡುತ್ತಾರೆ.

4. ಲೇಪ ತೊಳೆದು, ಗೆರೆಗಳೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸುತ್ತಾರೆ.

5. ಒದ್ದೆ ಮಾಡಿದ ಕಾಗದವನ್ನು ತಗಡಿನ ಮೇಲಿಟ್ಟು ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಕಬ್ಬಿನ ಹಾಲಿನ ಅಂಗಡಿಯಲ್ಲಿ ಗಾಣಕ್ಕೆ ಜಲ್ಲೆ ಕೊಡುವುದನ್ನು ನೆನಪಿಸಿಕೊಳ್ಳಿ, ಒತ್ತಡ ಅದೇ ಬಗೆಯದು. ಗೆರೆಯೊಳಗಿನ ಮಸಿ ಕಾಗದಕ್ಕೆ ಹತ್ತುತ್ತದೆ.

ಒಂದು ತಗಡಿನಿಂದ ಹೀಗೆ ನೂರಾರು ಅಚ್ಚು ತೆಗೆಯಬಹುದು. ಪ್ರತಿಯೊಂದು ಅಚ್ಚೂ ಎಡ-ಬಲ ತಿರುಗಿ, ಕನ್ನಡಿಯಲ್ಲಿ ಕಂಡಂತೆ ಬರುತ್ತದೆ.

ಇದಕ್ಕೆ ಮೊದಲು ಚಾಲ್ತಿಯಲ್ಲಿದ್ದದ್ದು ಕೆತ್ತನೆ. ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆಗೆ ಹೆಸರು ಹಾಕಿಸುವಾಗ ಗಮನಿಸಿದ್ದೀರಾ? ಲೋಹವನ್ನು ನೇರವಾಗಿ ಕೊರೆಯಲು ಕೈಗೆ ಬಲವೂ ಬೇಕು, ವರ್ಷಗಟ್ಟಲೆ ಪಳಗಿರಲೂ ಬೇಕು. ಎಚಿಂಗ್‌ನಲ್ಲಿ ಕೈ ಕೊರೆಯುವುದು ಮೆತ್ತನೆಯ ಲೇಪವನ್ನು. ಲೋಹವನ್ನು ಕೊರೆಯುವ ಕೆಲಸ ಆಮ್ಲದ್ದು. ಹಾಗಾಗಿ ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಸೂಜಿ ಓಡುತ್ತದೆ. ಗಾಳಿಗೆ ಅಲ್ಲಾಡುವ ಎಲೆ, ಹುಲ್ಲು, ಮೋಡದಂಥವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ. ಡಚ್ ಭೂದೃಶ್ಯ ಚಿತ್ರಕಾರರು ಎಚಿಂಗ್‌ಗೆ ಒಲಿದದ್ದೇ ಇದಕ್ಕಾಗಿ.

ಈಗ ಸಾಸಿವೆ ಕಥೆಯನ್ನು ಪರೀಕ್ಷಿಸೋಣ

*ಕಥೆ ಬಂದದ್ದು ಎಲ್ಲಿಂದ?* ಪ್ಯಾರಿಸ್ಸಿನ ಕಲಾವ್ಯಾಪಾರಿ ಎಡ್ಮ್-ಫ್ರಾನ್ಸ್ವಾ ಜೆರ್ಸಾಂ ರೆಂಬ್ರಾಂಟ್‌ನ ಅಚ್ಚುಚಿತ್ರಗಳ ಪಟ್ಟಿಯೊಂದನ್ನು ತಯಾರಿಸಿದ್ದ. ಅದು 1751ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ಕಥೆ ಇರುವುದು ಆ ಪುಸ್ತಕದಲ್ಲಿ. ಚಿತ್ರ 1645ರದ್ದು. ಅಂದರೆ ಊಟಕ್ಕೂ ಕಥೆಗೂ ನಡುವೆ 106 ವರ್ಷಗಳ ಅಂತರ. ಊಟದ ಮೇಜಿನಲ್ಲಿದ್ದ ಯಾರೊಬ್ಬರೂ ಆಗ ಬದುಕಿರಲು ಸಾಧ್ಯವಿಲ್ಲ. ಜೆರ್ಸಾಂ ಅಚ್ಚುಚಿತ್ರ ಮಾರುವ ವ್ಯಾಪಾರಿ ಎಂಬುದೂ ನೆನಪಿರಲಿ. ಕಥೆ ಇರುವ ಚಿತ್ರ ಬೇಗ ಬಿಕರಿಯಾಗುತ್ತದೆ.

*ಅಷ್ಟು ಹೊತ್ತಿನಲ್ಲಿ ಸಾಧ್ಯವೇ?* ಮೇಲಿನ ಐದು ಹಂತಗಳನ್ನು ಮತ್ತೊಮ್ಮೆ ನೋಡಿ. ಸಾಸಿವೆ ತರುವಷ್ಟರಲ್ಲಿ ಆಗಬಹುದಾದದ್ದು ಎರಡನೆಯ ಹಂತ ಮಾತ್ರ, ಅದೂ ಲೇಪ ಹಚ್ಚಿದ ತಗಡು ಕೈಯಲ್ಲಿ ಸಿದ್ಧವಾಗಿದ್ದರೆ. ಚಿತ್ರ ಚಿಕ್ಕದು, ಸುಮಾರು 13 ಸೆಂಟಿಮೀಟರ್ ಎತ್ತರ, 22 ಸೆಂಟಿಮೀಟರ್ ಅಗಲ. ಗೆರೆಗಳೂ ಕಡಿಮೆ. ಎರಡು ತೆಳ್ಳನೆಯ ಮರ, ಒಂದು ಸೇತುವೆ, ಅದರ ಮೇಲೆ ಇಬ್ಬರು, ಒಂದು ದೋಣಿ, ದೂರದಲ್ಲಿ ಊರು. ಪಳಗಿದ ಕೈಗೆ ಇಷ್ಟನ್ನು ಬಿಡಿಸಲು ಹೆಚ್ಚು ಹೊತ್ತು ಬೇಡ. ಆದರೆ ಆಮ್ಲ ತಿನ್ನಿಸುವುದು, ತೊಳೆಯುವುದು, ಮಸಿ ತುಂಬಿ ಅಚ್ಚೊತ್ತುವುದು ಊಟದ ಮೇಜಿನ ಕೆಲಸ ಅಲ್ಲ. 'ಚಿತ್ರ ಬಿಡಿಸಿದ' ಎನ್ನಬಹುದೇ ಹೊರತು 'ಚಿತ್ರ ಮುಗಿಸಿದ' ಎನ್ನಲಾಗದು.

*ಟೋಪಿಗಳ ಸಾಕ್ಷಿ.* ತಗಡನ್ನು ತಿದ್ದಿದಾಗಲೆಲ್ಲ ಬರುವ ಹೊಸ ರೂಪಕ್ಕೆ ಅಚ್ಚುಚಿತ್ರದ ಭಾಷೆಯಲ್ಲಿ 'ಸ್ಟೇಟ್' ಎನ್ನುತ್ತಾರೆ. ಈ ಚಿತ್ರಕ್ಕೆ ಮೂರು ಸ್ಟೇಟ್‌ಗಳಿವೆ. ಮೊದಲನೆಯದರಲ್ಲಿ ಸೇತುವೆಯ ಮೇಲಿನ ಇಬ್ಬರ ಟೋಪಿಗಳೂ ಬಿಳಿ. ಎರಡನೆಯದರಲ್ಲಿ ಒಂದು ಟೋಪಿಗೆ ನೆರಳು ಬಂದಿದೆ. ಮೂರನೆಯದರಲ್ಲಿ ಎರಡಕ್ಕೂ. ಅಂದರೆ ಅಚ್ಚು ತೆಗೆದು ನೋಡಿದ ಮೇಲೆ ತಗಡು ಮತ್ತೆ ಸೂಜಿಗೆ ಬಂದಿದೆ, ಅದೂ ಎರಡು ಸಲ, ಕೇವಲ ಎರಡು ಟೋಪಿಗಾಗಿ.

*ಸೇತುವೆ ಸಿಕ್ಸ್‌ನದ್ದೇ?* ಚಿತ್ರದಲ್ಲಿನ ಜಾಗವನ್ನು ವಿದ್ವಾಂಸರು ಆಮ್ಸ್ಟರ್‌ಡ್ಯಾಮ್‌ನ ದಕ್ಷಿಣಕ್ಕೆ, ಆಮ್ಸ್ಟೆಲ್ ನದಿಯ ಬಳಿ ಗುರುತಿಸಿದ್ದಾರೆ. ದೂರದಲ್ಲಿ ಕಾಣುವ ಊರು ಔಡರ್‌ಕೆರ್ಕ್. ಅಲ್ಲಿನ ಹಳ್ಳಿಮನೆ ಸಿಕ್ಸ್‌ನದ್ದಲ್ಲ, ಆಲ್ಬರ್ಟ್ ಬರ್ಗ್ ಎಂಬ ಬೇರೊಬ್ಬ ಪ್ರಮುಖನದ್ದು. ಸಿಕ್ಸ್ ಮತ್ತು ರೆಂಬ್ರಾಂಟ್ ಗೆಳೆಯರಾಗಿದ್ದರು ಎಂಬುದಂತೂ ನಿಜ. 1647ರಲ್ಲಿ ರೆಂಬ್ರಾಂಟ್ ಸಿಕ್ಸ್‌ನ ಭಾವಚಿತ್ರವನ್ನೂ ಎಚಿಂಗ್ ಮಾಡಿದ್ದ. ಪ್ರಸಿದ್ಧ ಗೆಳೆಯನ ಹೆಸರು ಅನಾಮಧೇಯ ಸೇತುವೆಗೆ ಅಂಟಿಕೊಂಡಿತು.

ನಮ್ಮ ತೀರ್ಮಾನ: ಬೇಗ ಬಿಡಿಸಿರಬಹುದು ಎಂಬುದು ಸಾಧ್ಯ. ಸಾಸಿವೆ, ಬಾಜಿ, ಸಿಕ್ಸ್‌ನ ಊಟ, ಇವಕ್ಕೆ ಆಧಾರವಿಲ್ಲ.

ಆಗಿನ ಕಾಲದ 'ಫಾರ್ವರ್ಡ್'

ರೆಂಬ್ರಾಂಟ್‌ಗಿಂತ ಮೊದಲೇ ಈ ಕಲೆ ಡಚ್ಚರ ನಾಡಿನಲ್ಲಿ ಬೇರುಬಿಟ್ಟಿತ್ತು. ಸ್ಪೇನ್ ವಿರುದ್ಧದ ದೀರ್ಘ ಯುದ್ಧಕ್ಕೆ 1609ರಿಂದ 1621ರವರೆಗೆ ಹನ್ನೆರಡು ವರ್ಷಗಳ ವಿರಾಮ ಸಿಕ್ಕಿತು. ಊರ ಹೊರಗೆ ನಿರ್ಭಯವಾಗಿ ತಿರುಗಾಡುವ ಕಾಲ ಬಂತು. 1572-73ರಲ್ಲಿ ಮುತ್ತಿಗೆಗೆ ಸಿಕ್ಕಿ ನಲುಗಿದ್ದ ಹಾರ್ಲೆಮ್ ಪಟ್ಟಣದ ಸುತ್ತಮುತ್ತ ಹೊಸ ತಲೆಮಾರಿನ ಕಲಾವಿದರು ಮರಳುದಿಬ್ಬ, ಹಳ್ಳಿದಾರಿ, ತೋಟದ ಮನೆ, ಬಿದ್ದ ಕೋಟೆಗಳನ್ನು ಚಿತ್ರಕ್ಕೆ ಇಳಿಸತೊಡಗಿದರು. ಎಸಾಯಸ್ ಫಾನ್ ಡೆ ವೆಲ್ಡೆ, ಯಾನ್ ಫಾನ್ ಡೆ ವೆಲ್ಡೆ, ವಿಲೆಮ್ ಬೌಟೆವೆಕ್ ಇವರಲ್ಲಿ ಪ್ರಮುಖರು. ಅಲ್ಲಿಯವರೆಗೆ ಹೆಚ್ಚಿನ ಚಿತ್ರಗಳಲ್ಲಿ ದೇವರು, ರಾಜ, ಪುರಾಣ ಇರುತ್ತಿತ್ತು. ಈಗ ಸಾಮಾನ್ಯ ಹೊಲವೊಂದೇ ಚಿತ್ರವಾಯಿತು.

ಕ್ಲಾಸ್ ಯಾನ್ಸ್ ವಿಸ್ಸರ್ ಎಂಬ ಕಲಾವಿದ-ಪ್ರಕಾಶಕ ಸುಮಾರು 1611-12ರಲ್ಲಿ ಹಾರ್ಲೆಮ್ ಸುತ್ತಲಿನ 'ಹಿತವಾದ ತಾಣಗಳು' ಎಂಬ ಸರಣಿ ಹೊರತಂದ. ದೂರ ಪ್ರಯಾಣ ಮಾಡಲು ಪುರುಸೊತ್ತಿಲ್ಲದ ಕಲಾಪ್ರೇಮಿಗಳೇ, ಕೂತಲ್ಲೇ ನೋಡಿ, ಹೆಚ್ಚು ಯೋಚಿಸದೆ ಕೊಳ್ಳಿ ಎಂಬ ಅರ್ಥದ ಮಾತು ಅದರಲ್ಲೇ ಅಚ್ಚಾಗಿದೆ. ನಾಲ್ಕು ನೂರು ವರ್ಷದ ಹಿಂದಿನ ಜಾಹೀರಾತು, ಇವತ್ತಿನ ಪ್ರವಾಸದ ರೀಲ್‌ಗಿಂತ ಹೆಚ್ಚು ಬೇರೆಯೇನಲ್ಲ.

ಅಚ್ಚುಚಿತ್ರ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗುತ್ತಿತ್ತು. ಹಾಗೆ ಹೋಗುವಾಗ ಹೆಸರೂ ಬದಲಾಗುತ್ತಿತ್ತು. ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಆಂಟ್‌ವರ್ಪ್‌ನ ಪ್ರಕಾಶಕ ಹಿರೋನಿಮಸ್ ಕಾಕ್ 1559 ಮತ್ತು 1561ರಲ್ಲಿ ಹಳ್ಳಿಗಳ ಸಣ್ಣ ಭೂದೃಶ್ಯಗಳನ್ನು ಪ್ರಕಟಿಸಿದ. ಚಿತ್ರ ಬರೆದವರ ಹೆಸರು ಹಾಕಲಿಲ್ಲ. 1601ರಲ್ಲಿ ಅವು ಮರುಮುದ್ರಣವಾದಾಗ ಕಲಾವಿದನ ಜಾಗದಲ್ಲಿ ಕಾರ್ನೆಲಿಸ್ ಕಾರ್ಟ್ ಎಂಬ ಹೆಸರು ಬಂತು. 1612ರಲ್ಲಿ ವಿಸ್ಸರ್ ಅವುಗಳಲ್ಲಿ ಹಲವನ್ನು ನಕಲು ಮಾಡಿ ಪ್ರಕಟಿಸಿದಾಗ ಪೀಟರ್ ಬ್ರೂಗೆಲ್ ಎಂಬ ಇನ್ನೂ ದೊಡ್ಡ ಹೆಸರು ಬಂತು. ಇಂದು ವಿದ್ವಾಂಸರು ಅವನನ್ನು 'ಸಣ್ಣ ಭೂದೃಶ್ಯಗಳ ಕಲಾವಿದ' ಎಂದಷ್ಟೇ ಕರೆಯುತ್ತಾರೆ.

ಯಾರದೋ ಮಾತಿಗೆ ಅಬ್ದುಲ್ ಕಲಾಂ, ವಿವೇಕಾನಂದರ ಹೆಸರು ಅಂಟಿಸಿ ಬರುವ ಸಂದೇಶಗಳನ್ನು ನೀವು ನೋಡಿರುತ್ತೀರಿ. ಪ್ರತಿ ಫಾರ್ವರ್ಡ್‌ಗೂ ಹೆಸರು ಇನ್ನಷ್ಟು ದೊಡ್ಡದಾಗುವ ಈ ಚಾಳಿ ಫೋನ್ ತಂದದ್ದಲ್ಲ.

'ಕಂಡದ್ದನ್ನು ಕಂಡಂತೆ ಬರೆದರು' ಎಂಬುದು ಸರಿಯೇ?

ಡಚ್ ಭೂದೃಶ್ಯಗಳನ್ನು ಫೋಟೋ ಇಲ್ಲದ ಕಾಲದ ಫೋಟೋ ಎಂದು ಹೇಳುವುದುಂಟು. ಇದು ಅರ್ಧ ನಿಜ.

ಮೊದಲನೆಯದಾಗಿ, ಅಚ್ಚು ತಿರುಗಿ ಬರುತ್ತದೆ ಎಂದೆವಲ್ಲ. ರೆಂಬ್ರಾಂಟ್ ಸುಮಾರು 1640-41ರಲ್ಲಿ ಮಾಡಿದ 'ಆಮ್ಸ್ಟರ್‌ಡ್ಯಾಮ್ ನೋಟ'ದಲ್ಲಿ ಇಡೀ ನಗರ ಎಡ-ಬಲ ಅದಲುಬದಲಾಗಿದೆ. ಸರಿಯಾಗಿ ಬರಬೇಕೆಂದರೆ ತಗಡಿನ ಮೇಲೆ ತಿರುಗಿಸಿ ಬರೆಯಬೇಕಿತ್ತು. ಅವನು ಆ ಗೋಜಿಗೆ ಹೋಗಲಿಲ್ಲ. ಸೆಲ್ಫಿಯಲ್ಲಿ ಅಂಗಿಯ ಮೇಲಿನ ಅಕ್ಷರ ಉಲ್ಟಾ ಬಂದಂತೆ ಇದು.

ಎರಡನೆಯದಾಗಿ, ಕಲಾವಿದರು ಸೇರಿಸುತ್ತಿದ್ದರು, ಬಿಡುತ್ತಿದ್ದರು. ರೆಂಬ್ರಾಂಟ್‌ನ 1643ರ 'ಮೂರು ಮರಗಳು' ಅವನ ಭೂದೃಶ್ಯ ಎಚಿಂಗ್‌ಗಳಲ್ಲೇ ಹೆಚ್ಚು ಪ್ರಸಿದ್ಧ. ಒಂದು ಕಡೆ ಸುರಿಯುವ ಮಳೆಯ ಓರೆಗೆರೆಗಳು, ಇನ್ನೊಂದು ಕಡೆ ದಿಬ್ಬದ ಮೇಲೆ ಮೂರು ಮರ. ಫೋನಿನಲ್ಲಿ ಹಿಗ್ಗಿಸಿ ನೋಡಿ. ನೀರಿನ ಪಕ್ಕ ಮೀನು ಹಿಡಿಯುವವನಿದ್ದಾನೆ, ದಿಬ್ಬದ ಮೇಲೆ ಕೂತು ಚಿತ್ರ ಬರೆಯುವವನಿದ್ದಾನೆ, ಬಲಗಡೆಯ ಪೊದೆಯ ಕತ್ತಲೆಯೊಳಗೆ ಪ್ರೇಮಿಗಳಿಬ್ಬರು ಅಡಗಿದ್ದಾರೆ. ಇದು ನೋಡಿ ನಕಲಿಸಿದ ದೃಶ್ಯ ಅಲ್ಲ, ಯೋಚಿಸಿ ಕಟ್ಟಿದ್ದು.

ಹರ್ಕ್ಯುಲೀಸ್ ಸೇಗರ್ಸ್ ಇನ್ನೂ ಮುಂದೆ ಹೋದ. ಡಚ್ಚರ ನಾಡು ಚಪ್ಪಟೆ. ಅವನ ಎಚಿಂಗ್‌ಗಳಲ್ಲಿ ಮಾತ್ರ ಕಡಿದಾದ ಬಂಡೆ, ಬಿರುಕುಬಿಟ್ಟ ಕಣಿವೆ. ಬಣ್ಣದ ಮಸಿ, ಬಣ್ಣ ಬಳಿದ ಕಾಗದ, ಬಟ್ಟೆ, ಹೀಗೆ ಏನೇನೋ ಬಳಸಿ, ಒಂದೇ ತಗಡಿನಿಂದ ಒಂದರಂತೆ ಇನ್ನೊಂದಿಲ್ಲದ ಅಚ್ಚುಗಳನ್ನು ತೆಗೆದ. ಅವನ ಸುತ್ತಲೂ ಒಂದು ಕಥೆಯಿದೆ. ಅವನ ಚಿತ್ರಗಳನ್ನು ಯಾರೂ ಕೊಳ್ಳದೆ ಅಂಗಡಿಯವರು ಬೆಣ್ಣೆ, ಸೋಪು ಕಟ್ಟಿಕೊಡಲು ಬಳಸಿದರಂತೆ, ನಮ್ಮಲ್ಲಿ ಹಳೆಯ ಪೇಪರಿನಲ್ಲಿ ಬಜ್ಜಿ ಕಟ್ಟಿಕೊಟ್ಟ ಹಾಗೆ. ಹೀಗೆಂದು 1678ರಲ್ಲಿ ಬರೆದವನು ರೆಂಬ್ರಾಂಟ್‌ನ ಶಿಷ್ಯ ಸ್ಯಾಮ್ಯುಯೆಲ್ ಫಾನ್ ಹೂಗ್‌ಸ್ಟ್ರಾಟನ್. ಅಷ್ಟರಲ್ಲಿ ಸೇಗರ್ಸ್ ತೀರಿಕೊಂಡು ಸುಮಾರು 40 ವರ್ಷ ಕಳೆದಿತ್ತು. ಸೇಗರ್ಸ್ ಸಾಲದಲ್ಲಿ ಸಿಲುಕಿದ್ದು ನಿಜ. ಆದರೆ ಅವನನ್ನು ಯಾರೂ ಗುರುತಿಸಲಿಲ್ಲ ಎಂಬುದು ಸರಿಯಲ್ಲ. ಅವನ ಚಿತ್ರಗಳು ಅಲ್ಲಿನ ಆಳುವ ರಾಜಮನೆತನದ ಸಂಗ್ರಹದಲ್ಲಿದ್ದವು. ರೆಂಬ್ರಾಂಟ್ ಬಳಿ ಅವನ ಎಂಟು ವರ್ಣಚಿತ್ರಗಳಿದ್ದವು. ಸೇಗರ್ಸ್‌ನ ತಗಡೊಂದನ್ನು ಪಡೆದ ರೆಂಬ್ರಾಂಟ್ ಅದರಲ್ಲಿನ ಆಕೃತಿಗಳನ್ನು ಅಳಿಸಿ ಬೇರೆ ಆಕೃತಿ ಬಿಡಿಸಿ, ಸೇಗರ್ಸ್‌ನ ಭೂದೃಶ್ಯವನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡ.

ಹೆಸರು ಕೊಟ್ಟ ಮೋಸ

1641ರ 'ಗಾಳಿಗಿರಣಿ' ರೆಂಬ್ರಾಂಟ್‌ನ ತಂದೆಯದ್ದು ಎಂದು ಬಹುಕಾಲ ನಂಬಿದ್ದರು. ಅವನ ತಂದೆ ಲೈಡನ್ ಪಟ್ಟಣದಲ್ಲಿ ಗಿರಣಿ ನಡೆಸುತ್ತಿದ್ದುದರಿಂದ ಕಥೆ ಚೆನ್ನಾಗಿ ಹೊಂದಿತ್ತು. ಚಿತ್ರದಲ್ಲಿರುವುದು ಆಮ್ಸ್ಟರ್‌ಡ್ಯಾಮ್ ಕೋಟೆಗೋಡೆಯ ಮೇಲಿದ್ದ ಗಿರಣಿ. ಚರ್ಮ ಮೆದು ಮಾಡಲು ಅಲ್ಲಿ ಮೀನೆಣ್ಣೆ ಬಳಸುತ್ತಿದ್ದುದರಿಂದ ಜನ ಅದನ್ನು 'ಸಣ್ಣ ನಾತದ ಗಿರಣಿ' ಎನ್ನುತ್ತಿದ್ದರು.

1651ರ ಇನ್ನೊಂದು ಎಚಿಂಗ್‌ಗೆ 'ಚಿನ್ನ ತೂಗುವವನ ಹೊಲ' ಎಂಬ ಹೆಸರು ಅಂಟಿಕೊಂಡಿತ್ತು. ಚಿತ್ರದಲ್ಲಿರುವುದು ಹಾರ್ಲೆಮ್ ಬಳಿಯ ಸಾಕ್ಸನ್‌ಬರ್ಗ್ ಎಸ್ಟೇಟ್. ಅದರ ಒಡೆಯ ಕ್ರಿಸ್ಟೊಫೆಲ್ ಟೈಸ್. ಈ ಹೆಸರು ತಿಳಿದ ಕೂಡಲೇ ಚಿತ್ರದ ಅರ್ಥ ಬದಲಾಗುತ್ತದೆ. 1639ರಲ್ಲಿ ರೆಂಬ್ರಾಂಟ್ 13,000 ಗಿಲ್ಡರ್‌ಗೆ ಕೊಂಡ ಮನೆಯ ಮಾರಾಟಗಾರರಲ್ಲಿ ಟೈಸ್ ಒಬ್ಬ. ಚಿತ್ರ ಮಾಡುವ ಹೊತ್ತಿಗೂ ಆ ಸಾಲ ತೀರಿರಲಿಲ್ಲ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ, ಮನೆಯೂ ಕೈಬಿಟ್ಟಿತು. ಹರವಾಗಿ ಹಬ್ಬಿದ ಆ ಸುಂದರ ಬಯಲು ಸಾಲಕೊಟ್ಟವನ ಆಸ್ತಿ. ತಪ್ಪು ಹೆಸರು ಉಳಿದಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ. ಆ ಮನೆ ಈಗ ರೆಂಬ್ರಾಂಟ್ ಮನೆ ಎಂಬ ವಸ್ತುಸಂಗ್ರಹಾಲಯ.

'ಅಸಲಿ ರೆಂಬ್ರಾಂಟ್ ಮಾರಾಟಕ್ಕಿದೆ': ದುಡ್ಡು ಕೊಡುವ ಮುನ್ನ

ಇಲ್ಲಿಯವರೆಗಿನ ಕಥೆಗಳನ್ನು ನಂಬಿದರೆ ನಷ್ಟವೇನಿಲ್ಲ ಎನ್ನಿಸಬಹುದು. ಆದರೆ ಅಂತರ್ಜಾಲದಲ್ಲಿ 'ಮೂಲ ತಗಡಿನ ರೆಂಬ್ರಾಂಟ್ ಎಚಿಂಗ್' ಎಂಬ ಸಾಲು ಕಂಡಾಗ ಇದೇ ಅಭ್ಯಾಸ ಜೇಬಿಗೆ ಕೈ ಹಾಕುತ್ತದೆ.

'ಮೂಲ ತಗಡು' ಎಂಬ ಮಾತು ನಿಜವೇ ಇರಬಹುದು. ಆದರೂ ಅದು ರೆಂಬ್ರಾಂಟ್ ಒತ್ತಿದ ಅಚ್ಚಲ್ಲದಿರಬಹುದು. ಅವನು ಮಾಡಿದ ಸುಮಾರು 300 ಎಚಿಂಗ್‌ಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ತಗಡುಗಳು ಉಳಿದುಬಂದಿವೆ. 18ನೇ ಶತಮಾನದಲ್ಲಿ ಅವು ಪ್ಯಾರಿಸ್ಸಿನ ವಾತೆಲೆ, ಆಮೇಲೆ ಬಾಸಾಂ ಎಂಬವರ ಕೈ ಸೇರಿದವು. ಸವೆದ ಗೆರೆಗಳನ್ನು ಮತ್ತೆ ಕೊರೆದು 20ನೇ ಶತಮಾನದ ಆರಂಭದವರೆಗೂ ಅವುಗಳಿಂದ ಅಚ್ಚು ತೆಗೆದರು. 1669ರಲ್ಲಿ ತೀರಿಕೊಂಡ ಕಲಾವಿದನ ಚಿತ್ರ, 1900ರ ಆಚೀಚಿನ ಕಾಗದದ ಮೇಲೆ! ಇಂಥ ಮರುಅಚ್ಚಿಗೂ ರೆಂಬ್ರಾಂಟ್ ಕಾಲದ ಅಚ್ಚಿಗೂ ಬೆಲೆಯಲ್ಲಿ ಅಜಗಜಾಂತರ.

ನೀವೇ ಗಮನಿಸಬಹುದಾದ ಕೆಲವು ಸಂಗತಿಗಳು ಇಲ್ಲಿವೆ.

• ಭೂತಗನ್ನಡಿಯಲ್ಲಿ ನೋಡಿ. ಗೆರೆಗಳ ಬದಲು ಒಂದೇ ಅಳತೆಯ ಚುಕ್ಕಿಗಳ ಸಾಲು ಕಂಡರೆ ಅದು ಪುಸ್ತಕ, ಪೋಸ್ಟರ್‌ನಂತೆ ಯಂತ್ರದಲ್ಲಿ ಮುದ್ರಿಸಿದ ಪ್ರತಿ.

• ತಗಡಿನ ಅಂಚು ಒದ್ದೆ ಕಾಗದವನ್ನು ಒತ್ತಿದಲ್ಲಿ ಚೌಕಾಕಾರದ ತಗ್ಗು ಉಳಿಯುತ್ತದೆ. ಆದರೆ ಇದನ್ನು ನಕಲು ಮಾಡಬಹುದು, ಹಳೆಯ ಅಚ್ಚಿನಲ್ಲಿ ಅಂಚನ್ನೇ ಕತ್ತರಿಸಿರಲೂಬಹುದು. ಹಾಗಾಗಿ ಇದೊಂದೇ ಸಾಕ್ಷಿ ಸಾಲದು.

• ಕಾಗದವನ್ನು ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತಿನಿಂದ ತಜ್ಞರು ಅದರ ಕಾಲ ಹೇಳಬಲ್ಲರು. ರೆಂಬ್ರಾಂಟ್ ಕೆಲವು ಅಚ್ಚುಗಳಿಗೆ ಡಚ್ ಹಡಗುಗಳಲ್ಲಿ ಬಂದ ಜಪಾನಿ ಕಾಗದವನ್ನೂ ಬಳಸಿದ್ದ. ಅಂಥದೇ ಏಷ್ಯಾದ ಕಾಗದದ ಮೇಲೆ ಅವನು ನಮ್ಮ ಮೊಘಲ್ ಕಿರುಚಿತ್ರಗಳನ್ನು ನೋಡಿ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಬರೆದಿದ್ದಾನೆ.

• ಮಾರುವವರು ಯಾವ ಸ್ಟೇಟ್, ಯಾವ ಕಾಲದ ಅಚ್ಚು, ಹಿಂದೆ ಯಾರ ಬಳಿ ಇತ್ತು ಎಂದು ಬರವಣಿಗೆಯಲ್ಲಿ ಹೇಳದಿದ್ದರೆ ಮುಂದುವರಿಯಬೇಡಿ.

ನೋಡಿ ಸಂತೋಷಪಡಲು ದುಡ್ಡು ಬೇಕಾಗಿಲ್ಲ. ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಫೋನಿನಲ್ಲೇ ಗೆರೆ ಗೆರೆಯನ್ನು ಹಿಗ್ಗಿಸಿ ನೋಡಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ

'ಡಚ್ ಮಾರ್ಡೆಂಟ್' ಎಂಬ ಹೆಸರಿನ ಎಚಿಂಗ್ ದ್ರಾವಣವೊಂದಿದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ತಯಾರಿಸುತ್ತಾರೆ. ಹೆಸರು ಕೇಳಿ ರೆಂಬ್ರಾಂಟ್ ಬಳಸಿದ್ದು ಇದೇ ಎಂದುಕೊಳ್ಳಬೇಡಿ. ಪೊಟ್ಯಾಸಿಯಂ ಕ್ಲೋರೇಟ್ ತಯಾರಾದದ್ದೇ 18ನೇ ಶತಮಾನದ ಕೊನೆಯ ಭಾಗದಲ್ಲಿ. 1645ರಲ್ಲಿ ಫ್ರಾನ್ಸಿನ ಅಬ್ರಹಾಂ ಬಾಸ್ ಬರೆದ ಕೈಪಿಡಿಯಲ್ಲಿ ವಿನಿಗರ್, ಉಪ್ಪು, ನವಸಾಗರ, ತಾಮ್ರದ ಕಿಲುಬಿನಿಂದ ಮಾಡುವ ದ್ರಾವಣದ ವಿವರವಿದೆ. ಮುಖ್ಯವಾದ ಮಾತೆಂದರೆ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಕ್ಲೋರೇಟ್ ಸೇರಿದಾಗ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. 'ಮನೆಯಲ್ಲೇ ಎಚಿಂಗ್ ಮಾಡಿ' ಎಂಬ ವೀಡಿಯೊ ನೋಡಿ ಅಡುಗೆಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ, ಮಕ್ಕಳಿಗೂ ಬಿಡಬೇಡಿ. ಕಲಿಯುವ ಆಸೆಯಿದ್ದರೆ ಅಚ್ಚುಚಿತ್ರ ಕಲಿಸುವ ಕಲಾಶಾಲೆಗೆ ಹೋಗಿ.

ಸಾರಾಂಶ

• ರೆಂಬ್ರಾಂಟ್ ಸಾಸಿವೆ ತರುವಷ್ಟರಲ್ಲಿ ಚಿತ್ರ ಮುಗಿಸಿದ: ಆಧಾರವಿಲ್ಲ. 106 ವರ್ಷಗಳ ನಂತರ ಮುದ್ರಣವಾದ ಕಥೆ.
• ಡಚ್ ಭೂದೃಶ್ಯಗಳು ಕಂಡದ್ದನ್ನು ಕಂಡಂತೆ ತೋರಿಸುತ್ತವೆ: ಅರ್ಧ ನಿಜ.
• ಸೇಗರ್ಸ್‌ನನ್ನು ಯಾರೂ ಗುರುತಿಸಲಿಲ್ಲ: ತಪ್ಪು.
• ಮೂಲ ತಗಡಿನ ಅಚ್ಚು ಎಂದರೆ ಕಲಾವಿದನೇ ಒತ್ತಿದ ಅಚ್ಚು: ತಪ್ಪು.
• ಡಚ್ ಮಾರ್ಡೆಂಟ್ ರೆಂಬ್ರಾಂಟ್ ಕಾಲದ್ದು: ತಪ್ಪು.

ಚೆಂದದ ಕಥೆ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮೊದಲು ಹೇಳಿದವರು ಯಾರು? ನಡೆದು ಎಷ್ಟು ಕಾಲವಾದ ಮೇಲೆ ಹೇಳಿದರು? ಹೇಳಿದ್ದರಿಂದ ಅವರಿಗೇನು ಲಾಭ? ಜೆರ್ಸಾಂ ಹೇಳಿದ ಕಥೆಗೆ ಈ ಮೂರು ಪ್ರಶ್ನೆ ಸಾಕಾದವು. ನಿಮ್ಮ ಕುಟುಂಬದ ಗ್ರೂಪಿಗೆ ನಾಳೆ ಬೆಳಿಗ್ಗೆ ಬರುವ ಫಾರ್ವರ್ಡ್‌ಗೂ ಸಾಕು.